ಕದ್ದ ಕಡ್ಡಿ

ಹಂಪಾಪುರದ ನಿಂಗಯ್ಯನ ಮನೆಯವರು ಮೈಸೂರು ನೋಡಲು ಹೊರಟದ್ದು ಒಂದು ಎತ್ತಿನ ದೆಸೆಯಿಂದ. ಹಿಂದಿನ ಕಾರ್ತಿಕದಲ್ಲಿ ಊರಿನ ದನಗಳಿಗೆಲ್ಲ ಕಾಲುಬಾಯಿ ಜ್ವರ ಬಂದು, ಅವರ ಬಲಗಡೆಯ ಎತ್ತು ಮೇವು ಮುಟ್ಟದೆ ಮಲಗಿಬಿಟ್ಟಿತ್ತು. ನಿಂಗಯ್ಯ ಅದರ ಕೊಂಬು ಹಿಡಿದುಕೊಂಡು, ಇದು ಎದ್ದು ನಿಂತರೆ ಮನೆಮಂದಿಯೆಲ್ಲ ಬೆಟ್ಟ ಹತ್ತಿ ತಾಯಿ ಚಾಮುಂಡಿಗೆ ಕಾಯಿ ಒಡೆಸುತ್ತೇವೆ ಎಂದು ಹರಸಿಕೊಂಡ. ಎತ್ತು ಮಾರನೆಯ ದಿನವೇ ಎದ್ದು ಪಕ್ಕದ ಮನೆಯ ಹುಲ್ಲಿನ ಮೆದೆಗೆ ಬಾಯಿ ಹಾಕಿತು. ಹರಕೆ ಮಾತ್ರ ವೈಶಾಖದವರೆಗೆ ಹಾಗೆಯೇ ಉಳಿಯಿತು. ಕೊಯ್ಲು, ಒಕ್ಕಣೆ, ಮಗುವಿನ ಕೆಮ್ಮು, ಯಾವುದಾದರೂ ಒಂದು ಇದ್ದೇ ಇರುತ್ತದಲ್ಲ.

ಹೊರಟವರು ಐದು ಜನ. ನಿಂಗಯ್ಯ, ಅವನ ಹೆಂಡತಿ ಚಿಕ್ಕಸಿದ್ದಮ್ಮ, ಮಗ ದೇವಯ್ಯ, ಸೊಸೆ ಮಾಯಮ್ಮ, ಮತ್ತೆ ಮಾಯಮ್ಮನ ಐದು ವರ್ಷದ ಮಗಳು ಚಿಕ್ಕಬೀರಮ್ಮ. ಅಷ್ಟು ದೊಡ್ಡ ಹೆಸರಿನಿಂದ ಆ ಮಗುವನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಬೀರಿ. ಕೋಟೆ ಪಟ್ಟಣದಿಂದ ಬರುವ ಮೋಟಾರು ಬಸ್ಸು ಬೆಳಕು ಹರಿಯುವ ಹೊತ್ತಿಗೆ ಹಂಪಾಪುರದಲ್ಲಿ ನಿಲ್ಲುತ್ತಿತ್ತು, ಹೊತ್ತು ಬಾಗುವ ಮೊದಲೇ ಮೈಸೂರಿನಿಂದ ವಾಪಸು ಹೊರಡುತ್ತಿತ್ತು. ಹಾಗಾಗಿ ದೇವಿ, ಬೆಟ್ಟ, ತೋಟ, ಎಲ್ಲಕ್ಕೂ ಸೇರಿ ಸಿಗುವುದು ಅರ್ಧ ದಿನ.

ಎಲ್ಲರೂ ಎತ್ತಿನ ಹರಕೆಗೆ ಹೊರಟಿದ್ದರು. ಮಾಯಮ್ಮ ಮಾತ್ರ ಕದಿಯಲು ಹೊರಟಿದ್ದಳು.

ಅದಕ್ಕೆ ಕಾರಣ ಸಡ್ಡೆ. ರಾಗಿ ಬಿತ್ತುವಾಗ ಗಂಡಸರು ಕೂರಿಗೆ ಹೊಡೆಯುತ್ತಾರೆ. ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರು ಕೊಳವೆಯೇ ಸಡ್ಡೆ. ಅದನ್ನು ಹಿಡಿದು ಹಿಂದೆಯೇ ನಡೆಯುತ್ತಾ ರಾಗಿಯ ನಡುನಡುವಿನ ಅಕ್ಕಡಿ ಸಾಲಿಗೆ ಅವರೆಕಾಳು ಬಿಡುವವಳು ಆ ಮನೆಯ ಹೆಂಗಸು. ಸಡ್ಡೆ ಹಿಡಿದವಳ ಕೈಗುಣ ಚೆನ್ನಾಗಿದ್ದರೆ ಕಾಳು ಒಂದೂ ಬಿಡದಂತೆ ಹುಟ್ಟುತ್ತದೆ ಎಂದು ಊರಿನ ನಂಬಿಕೆ. ಚಿಕ್ಕಸಿದ್ದಮ್ಮ ಮದುವೆಯಾಗಿ ಬಂದಾಗಿನಿಂದ ತಾನೇ ಹಿಡಿಯುತ್ತಿದ್ದಳು. ಹೋದ ವರ್ಷ ಅವಳ ಸೊಂಟ ಹಿಡಿದುಕೊಂಡಿತು. ಆಗ ಸಡ್ಡೆ ಹೋದದ್ದು ಸೊಸೆಯ ಕೈಗಲ್ಲ, ಪಕ್ಕದ ಮನೆಯಲ್ಲಿ ಬೇರೆ ಇದ್ದ ಚಿಕ್ಕಸಿದ್ದಮ್ಮನ ವಾರಗಿತ್ತಿ ಕುಳ್ಳಮ್ಮನ ಕೈಗೆ. ಯಾಕೆಂದರೆ ಮಾಯಮ್ಮ ಹಿತ್ತಲಲ್ಲಿ ನೆಟ್ಟದ್ದು ಯಾವುದೂ ಉಳಿದಿರಲಿಲ್ಲ. ಮಲ್ಲಿಗೆಯನ್ನು ಎಮ್ಮೆ ತಿಂದಿತು, ಕರಿಬೇವನ್ನು ಕೋಳಿ ಕೆದಕಿತು, ಕನಕಾಂಬರ ತನ್ನ ಪಾಡಿಗೆ ತಾನು ಒಣಗಿತು. ಊರಿನ ಲೆಕ್ಕದಲ್ಲಿ ಎಮ್ಮೆಗೂ ಕೋಳಿಗೂ ತಪ್ಪು ಬರುವುದಿಲ್ಲ.

"ಮಾಯಿ ಕೈಗೆ ಸಡ್ಡೆ ಕೊಟ್ರೆ ಅವರೆ ಇರ್ಲಿ, ಕಳೆನೂ ಉಟ್ಟಕಿಲ್ಲ ಕಣಕ್ಕ," ಎಂದಿದ್ದಳು ಕುಳ್ಳಮ್ಮ, ಬೇಲಿಯ ಆಚೆಯಿಂದ, ಮಾಯಮ್ಮನಿಗೆ ಕೇಳುವ ಹಾಗೆ. ಆ ವರ್ಷ ಅವರೆ ಚೆನ್ನಾಗಿಯೇ ಬಂತು. ಅವರೆಕಾಯಿ ಬಿಡಿಸುವ ದಿನಗಳು ಮುಗಿಯುವ ತನಕ ಕುಳ್ಳಮ್ಮ ದಿನಕ್ಕೊಂದು ಸಲ ಬಂದು, "ನಂದೇ ಕೈ ಅಲ್ವ," ಎಂದು ಸೆರಗು ತುಂಬಾ ಕಾಯಿ ಕಿತ್ತುಕೊಂಡು ಹೋಗುತ್ತಿದ್ದಳು.

ಈ ಮುಂಗಾರಿಗಾದರೂ ಸಡ್ಡೆ ತನ್ನ ಕೈಗೆ ಬರಬೇಕು ಎಂದು ಮಾಯಮ್ಮ ತೀರ್ಮಾನಿಸಿದ್ದಳು. ಅವಳ ತವರು ಮಿರ್ಲೆ. ಅಲ್ಲಿ ಅವಳ ಅಜ್ಜಿ ಹೇಳುತ್ತಿದ್ದ, ಹಂಪಾಪುರದ ಹೆಂಗಸರೂ ನಂಬುತ್ತಿದ್ದ ಮಾತೊಂದಿತ್ತು: ಕೈಗುಣ ಇಲ್ಲದವಳ ಕೈಯಲ್ಲೂ ಕದ್ದ ಕಡ್ಡಿ ಬೇರು ಬಿಡುತ್ತದೆ. ಅದಕ್ಕೆ ಕಟ್ಟಳೆ ಇದೆ. ಒಡೆಯರನ್ನು ಕೇಳಬಾರದು, ಅವರು ಕೊಟ್ಟದ್ದಾಗಬಾರದು, ತೆಗೆಯುವಾಗ ಅವರು ನೋಡಬಾರದು, ಉಪಕಾರವಾಯಿತು ಅನ್ನಬಾರದು. ಹಂಪಾಪುರದಲ್ಲಿ ಈ ಕಟ್ಟಳೆ ನಡೆಸುವುದು ಆಗದ ಮಾತು. ಯಾರ ಹಿತ್ತಲ ಕಡೆ ನೋಡಿದರೂ, "ಬೇಕೇನಮ್ಮಿ, ತಕ್ಕೊ," ಎಂದು ಮುರಿದು ಕೈಗೇ ಇಡುತ್ತಾರೆ. ಅಂಥ ಊರಲ್ಲಿ ಕದಿಯುವುದಾದರೂ ಹೇಗೆ? ಮೈಸೂರಿನಲ್ಲಿ ಬೆಟ್ಟದ ಕೆಳಗೆ ಸರ್ಕಾರದ ದೊಡ್ಡ ಹೂದೋಟ ಇದೆ, ಅಲ್ಲಿ ಅಂಗೈ ಅಗಲದ ಗುಲಾಬಿ ಬಿಡುತ್ತದೆ, ಕಾವಲಿಗೆ ಮಾಲಿಗಳಿದ್ದಾರೆ ಎಂದು ಕೇಳಿದಾಗ ಅವಳಿಗೆ ದಾರಿ ಕಂಡಂತಾಯಿತು. ಅಲ್ಲಿಂದ ಕದ್ದ ಒಂದು ಕಡ್ಡಿ ಹಿತ್ತಲಲ್ಲಿ ಚಿಗುರಿದರೆ ಸಾಕು, ಕೈಗುಣ ಇಲ್ಲ ಎನ್ನುವ ಮಾತು ನಿಲ್ಲುತ್ತದೆ.

ಮೋಟಾರಿನಲ್ಲಿ ಮಾನಂದವಾಡಿಯ ಕಡೆಯ ವ್ಯಾಪಾರಿಯೊಬ್ಬನ ಮೆಣಸಿನ ಮೂಟೆಗಳಿದ್ದವು. ಬೀರಿ ಮೂಟೆಯ ಮೇಲೆಯೇ ಕೂತಳು, ಮೈಸೂರು ಮುಟ್ಟುವ ತನಕ ಸೀನಿದಳು. ನಡುನಡುವೆ, "ಮೈಸೂರು ಬಂತಾ?" ಎಂದು ಕೇಳುತ್ತಿದ್ದಳು. ಮೊದಮೊದಲು ಎಲ್ಲರೂ ಉತ್ತರ ಕೊಟ್ಟರು. ಆಮೇಲೆ ಆ ವ್ಯಾಪಾರಿ ಒಬ್ಬನೇ ಕೊಡುತ್ತಿದ್ದ.

ಬೆಟ್ಟದ ಬುಡಕ್ಕೆ ಜಟಕಾದಲ್ಲಿ ಬಂದಿಳಿದಾಗ ಬಿಸಿಲಿನ್ನೂ ಎಳೆಯದಾಗಿತ್ತು. ಮೆಟ್ಟಿಲ ಮುಂದೆ ನಿಂತು ಚಿಕ್ಕಸಿದ್ದಮ್ಮ ಗಂಟಿನಿಂದ ಕುಂಕುಮದ ಬಟ್ಟಲು ತೆಗೆದಳು.

"ಇದ್ಯಾಕವ್ವ?" ಎಂದ ದೇವಯ್ಯ.

"ಎತ್ತಿನ ಅರಕೆ ನಿಮ್ಮಪ್ಪಂದು. ಮೆಟ್ಲು ಮೆಟ್ಲಿಗೂ ಕುಂಕುಮ ಇಡ್ತೀನಿ ಅಂತ ನಾನು ಬ್ಯಾರೆ ಅರಸ್ಕೊಂಡಿವ್ನಿ."

"ನಿನ್ನ ಸೊಂಟ?"

"ನನ್ನ ಸೊಂಟಕ್ಕೆ ಏನಾಗದೆ?" ಎಂದು ಅವಳು ಬಗ್ಗಿ ಮೊದಲ ಮೆಟ್ಟಿಲಿಗೆ ಬೊಟ್ಟಿಟ್ಟಳು.

ಸೊಂಟಕ್ಕೆ ಏನಾಗಿದೆ ಎನ್ನುವುದು ಎಲ್ಲರಿಗೂ ಬೇಗನೆ ಗೊತ್ತಾಯಿತು. ಮೊದಲು ಮೆಟ್ಟಿಲಿಗೊಮ್ಮೆ ಬಗ್ಗಿ ಏಳುತ್ತಿದ್ದವಳು ಆಮೇಲೆ ಏಳುವುದನ್ನೇ ಬಿಟ್ಟು ಬಗ್ಗಿಕೊಂಡೇ ಹತ್ತಿದಳು. ಬೀರಿ ಒಂದಷ್ಟು ಮೆಟ್ಟಿಲು ಎಲ್ಲರಿಗಿಂತ ಮುಂದೆ ಓಡಿ, ಅಲ್ಲಿಂದ ಅಪ್ಪನ ಹೆಗಲೇರಿದಳು. ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವುದೆಂದರೆ ಹೊತ್ತುಕೊಂಡು ಹತ್ತುವುದು ಎಂದೇ ಅರ್ಥ. ಅದು ದೇವಯ್ಯನಿಗೆ ಆವತ್ತು ತಿಳಿಯಿತು. ನಿಂಗಯ್ಯ ಮಾತ್ರ ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಾ ಆರಾಮವಾಗಿ ಹತ್ತುತ್ತಿದ್ದ.

ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಚಿಕ್ಕಸಿದ್ದಮ್ಮ ಕೂತೇಬಿಟ್ಟಳು. ನಂದಿಯನ್ನು ಕಂಡು ನಿಂಗಯ್ಯ ಸುತ್ತು ಹಾಕಿ, ಗಂಗೆದೊಗಲು ನೋಡಿ, "ಸುಳಿ ಸುದ್ದ ಅದೆ," ಎಂದು ದನದ ಸಂತೆಯಲ್ಲಿ ಹೇಳುವಂತೆ ಹೇಳಿದ.

"ಬೀರಿ, ನಿಮ್ಮ ತಾತಂಗೆ ಯೋಳು, ಅದನ್ನ ಮಾರಕ್ಕಿಟ್ಟಿಲ್ಲ ಅಂತ," ಎಂದಳು ಚಿಕ್ಕಸಿದ್ದಮ್ಮ. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಮೊಮ್ಮಗಳ ಮೂಲಕವೇ ಹೇಳುವುದು. ಆಮೇಲೆ ಸೊಂಟ ಒತ್ತಿಕೊಳ್ಳುತ್ತಾ ಮೆಲ್ಲಗೆ ಅಂದಳು: "ಈ ವರ್ಸವೂ ಸಡ್ಡೆ ಇಡಿಯಕ್ಕಾಗಕಿಲ್ಲ ಬುಡು."

ಮಾಯಮ್ಮ ತಾಳಲಾರದೆ, "ನಾನಿಲ್ವಾ ಅತ್ತೆ?" ಎಂದಳು.

ಚಿಕ್ಕಸಿದ್ದಮ್ಮ ಸೊಸೆಯ ಮುಖವನ್ನು ನೋಡಿದಳು. "ನೀನಿದ್ದೀಯ ಕಣಮ್ಮಿ. ನಿನ್ನ ಕೈ ಅದೆಯಲ್ಲ, ಅದೇ ತೊಂದ್ರೆ. ಆ ಕುಳ್ಳಿ ಕೈಗೆ ಕೊಟ್ಟು ಅವಳ ಮಾತು ಕೇಳಕ್ಕೆ ನಂಗೇನು ಆಸೆಯಾ? ನಾಳೆ ನೀನು ಬುಟ್ಟ ಸಾಲಲ್ಲಿ ಎಲ್ಡು ಕಾಳು ಉಟ್ದೆ ಓದ್ರೂ ಸಾಕು, ಊರು ಬಾಯಿಗಾಕತದೆ. ಆಗ ಜನ್ಮ ಪೂರ್ತಿ ಸಡ್ಡೆ ನಿನ್ನ ಕೈಗೆ ಬರಾಕಿಲ್ಲ." ಹಾಗೆಂದು ಬಟ್ಟಲನ್ನು ಮುಂದೆ ಚಾಚಿದಳು. "ಇಕ, ಮಿಕ್ಕಿದ ಮೆಟ್ಲಿಗೆ ನೀನಿಡು. ಕುಂಕುಮಕ್ಕೆ ಕೈಗುಣ ಬೇಕಿಲ್ಲ."

ಮಾಯಮ್ಮ ತುಟಿ ಕಚ್ಚಿಕೊಂಡು ಬಟ್ಟಲು ಇಸಿದುಕೊಂಡಳು. ಮೇಲೆ ತಲುಪುವ ಹೊತ್ತಿಗೆ ಅತ್ತೆಯ ಬೆರಳೂ ಸೊಸೆಯ ಬೆರಳೂ ಒಂದೇ ಹಾಗೆ ಕೆಂಪಾಗಿದ್ದವು.

ದೇವಿಯ ದರ್ಶನವಾಯಿತು, ಕಾಯಿ ಒಡೆಯಿತು. ನಿಂಗಯ್ಯ ಎತ್ತಿನ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕೆಂದ. ನಕ್ಷತ್ರ ಕೇಳಿದ ಅರ್ಚಕರಿಗೆ, "ಅದು ಜಾತ್ರೇಲಿ ತಂದಿದ್ದು ಬುದ್ಧಿ," ಎಂದ. ಅವರು ನಗದೆ ಅರ್ಚನೆ ಮಾಡಿದರು.

ಆಮೇಲೆ ಎಲ್ಲರೂ ಬೆಟ್ಟದ ಅಂಚಿಗೆ ಬಂದು ನಿಂತರು. ಕೆಳಗೆ ಮೈಸೂರು ಹಾಸಿಕೊಂಡಿತ್ತು. ಅರಮನೆಯ ಗೋಪುರ ಹೊಳೆಯುತ್ತಿತ್ತು, ರಸ್ತೆಗಳು ಗೆರೆ ಎಳೆದಂತೆ ಇದ್ದವು, ಕೆರೆಗಳು ಅಲ್ಲಲ್ಲಿ ತಟ್ಟೆ ಇಟ್ಟಂತೆ ಕಾಣುತ್ತಿದ್ದವು. ದೂರದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಬೆಳ್ಳಗೆ ಮಿಂಚಿತು. ಗಾಳಿ ಎಂಥದೆಂದರೆ, ಹತ್ತಿದ ಬೆವರನ್ನೆಲ್ಲ ಒಂದೇ ಉಸಿರಿಗೆ ಒರೆಸಿಬಿಟ್ಟಿತು. ನಿಂಗಯ್ಯ ಮೈಸೂರಿಗೆ ಬೆನ್ನು ತಿರುಗಿಸಿ, ಹಣೆಗೆ ಕೈ ಅಡ್ಡ ಹಿಡಿದು, ಹಂಪಾಪುರವನ್ನು ಹುಡುಕಿದ.

"ಅಗೋ, ನಮ್ಮೂರು."

"ಅದು ಮೋಡದ ನೆರಳು ಕಣಪ್ಪ," ಎಂದ ದೇವಯ್ಯ.

"ನೆರಳಲ್ಲ ಕಣ್ಲಾ. ಅಲ್ಲಿ ನೋಡು, ಆಲದ ಮರ. ಅದರ ಎಡಕ್ಕೆ ನಮ್ಮಟ್ಟಿ. ಯಾರೋ ನಮ್ಮ ಜಗಲಿ ಮ್ಯಾಲೆ ಕೂತವ್ರೆ."

"ಕುಳ್ಳಿ ಇರ್ಬೇಕು," ಎಂದಳು ಚಿಕ್ಕಸಿದ್ದಮ್ಮ. "ಬೀರಿ, ನಿಮ್ಮ ತಾತಂಗೆ ಯೋಳು, ಎಮ್ಮೆಗೆ ನೀರು ಕುಡಿಸ್ಯವ್ಳಾ ನೋಡು ಅಂತ."

ಅಷ್ಟರಲ್ಲಿ ನೆರಳು ಸರಿದುಹೋಯಿತು, ಅದರ ಜತೆಗೆ ಊರೂ ಹೋಯಿತು. ನಿಂಗಯ್ಯ ಸೋಲಲಿಲ್ಲ, ಊರು ಕಂಡಿತು ಎಂದೇ ಹೇಳುತ್ತಾ ಬುತ್ತಿ ಬಿಚ್ಚಿಸಿದ. ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ತಿನ್ನುವಾಗ ಮಾಯಮ್ಮನ ಕಣ್ಣು ಬೆಟ್ಟದ ಬುಡದ ಒಂದು ಹಸಿರು ಚೌಕದ ಮೇಲಿತ್ತು. ಸುತ್ತ ಬಿಸಿಲಿಗೆ ಎಲ್ಲ ಕಂದಿದ್ದರೂ ಅದೊಂದು ಮಾತ್ರ ಒದ್ದೆ ಬಟ್ಟೆಯ ಹಾಗೆ ಕಡುಹಸಿರಾಗಿತ್ತು.

"ಅದು ಸರ್ಕಾರದ ತೋಟ," ಎಂದ ದೇವಯ್ಯ, ಅವಳು ನೋಡುತ್ತಿದ್ದ ಕಡೆ ನೋಡಿ. "ಓಗನಾ?"

"ನಿಮ್ಮಿಷ್ಟ," ಎಂದಳು ಮಾಯಮ್ಮ. ಅಷ್ಟರಲ್ಲಿ ಅವಳು ರೊಟ್ಟಿಯ ಕೊನೆ ತುಂಡು ಬಾಯಿಗೆ ಹಾಕಿಕೊಂಡು ಎದ್ದು ನಿಂತಾಗಿತ್ತು.

ತೋಟದೊಳಗೆ ಕಾಲಿಟ್ಟಾಗ ತಂಪು ಮೈಗೆ ತಾಗಿತು. ಎಲ್ಲ ಗಿಡದ ಬುಡದಲ್ಲೂ ಒಂದೊಂದು ತಗಡಿನ ತುಂಡು ನೆಟ್ಟು ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು.

"ಗಿಡದ ಒಡೇರ ಹೆಸರಾ?" ಎಂದಳು ಮಾಯಮ್ಮ.

"ಗಿಡದ ಹೆಸರಂತೆ," ಎಂದ ದೇವಯ್ಯ.

"ನಮ್ಮೆತ್ತಿಗೂ ಒಂದು ಕಟ್ಟುಬುಡನ," ಎಂದ ನಿಂಗಯ್ಯ. "ಮರೆತೋದ್ರೆ ಬೇಕಾಯ್ತದೆ." ಹಾಗೆಂದು ಒಂದು ದೊಡ್ಡ ಮರದ ಕೆಳಗೆ ಟವಲು ಹಾಸಿ ಮಲಗಿದವನೇ ಗೊರಕೆ ಹೊಡೆಯತೊಡಗಿದ. ಬೀರಿಗೆ ಕಾರಂಜಿ ನೋಡಬೇಕಾಗಿತ್ತು. ದೇವಯ್ಯ ಅವಳನ್ನು ಮತ್ತೆ ಹೆಗಲೇರಿಸಿಕೊಂಡು ಹೋದ. ಸೊಂಟ ನೋವೆಂದು ಇಡೀ ದಾರಿ ನರಳಿದ್ದ ಚಿಕ್ಕಸಿದ್ದಮ್ಮ, "ಕಾಲಾಡಿಸ್ಕೊಂಡು ಬತ್ತೀನಿ ಕಣಮ್ಮಿ. ನೀನು ಇಲ್ಲೇ ಇರು," ಎಂದು ಒಂದು ದಾರಿ ಹಿಡಿದಳು. ಕಾಲು ಇಷ್ಟೊತ್ತು ಆಡಿದ್ದು ಸಾಲದೇ ಎಂದು ಮಾಯಮ್ಮನಿಗೆ ಅನ್ನಿಸಿತು. ಆದರೆ ಅದನ್ನು ಯೋಚಿಸುತ್ತ ಕೂರುವ ಹೊತ್ತಲ್ಲ ಅದು. ಅತ್ತೆ ಮರೆಯಾಗಿ ಸ್ವಲ್ಪ ಹೊತ್ತಾದ ಮೇಲೆ ಅವಳೂ ಎದ್ದಳು.

ಗುಲಾಬಿ ಸಾಲು ಸಿಕ್ಕಿತು. ಕೇಳಿದ್ದು ಸುಳ್ಳಲ್ಲ, ಅಂಗೈ ಅಗಲದ ಕೆಂಪು ಹೂ. ಅತ್ತ ಇತ್ತ ನೋಡಿದಳು. ಯಾರೂ ಇರಲಿಲ್ಲ. ಬಲಿತ ಕಡ್ಡಿಯೊಂದನ್ನು ಹಿಡಿದು ಬಾಗಿಸಿದಳು. ಜನ್ಮದಲ್ಲಿ ಕದ್ದು ಗೊತ್ತಿಲ್ಲದವಳು, ಅವಸರದಲ್ಲಿ ಜಗ್ಗಿ ಎಳೆದಳು. ಕಡ್ಡಿ ಬಾಗಿತೇ ಹೊರತು ಮುರಿಯಲಿಲ್ಲ, ಮುಳ್ಳು ಮಾತ್ರ ಚುಚ್ಚಿತು.

"ಅಂಗೆ ಎಳೆದರೆ ಸಿಪ್ಪೆ ಕಿತ್ತು ಬರುತ್ತೆ ತಾಯಿ," ಎಂದಿತು ಬೆನ್ನ ಹಿಂದಿನ ದನಿ.

ತಿರುಗಿದರೆ ಮಾಲಿ ನಿಂತಿದ್ದ. ಖಾಕಿ ಕೋಟು, ಕೈಯಲ್ಲಿ ಕತ್ತರಿ. ರುದ್ರಸ್ವಾಮಿ ಎಂದು ಅವನ ಹೆಸರು. ಆ ಸಾಲಿನ ಗಿಡಗಳೆಲ್ಲ ಅವನ ಸುಪರ್ದಿನವು. ಮಾಯಮ್ಮ ಕಡ್ಡಿಯನ್ನು ಬಿಟ್ಟು ತಲೆ ತಗ್ಗಿಸಿದಳು.

"ಬೇಕಿದ್ದರೆ ಕೇಳಬಾರದಾ? ಹೆಂಗೂ ಈ ಸಾಲು ಸವರಬೇಕು. ತಗೋ," ಎಂದು ಅವನು ಕತ್ತರಿಯಿಂದ ಒಂದು ಒಳ್ಳೆಯ ಕಡ್ಡಿ ಕತ್ತರಿಸಿ ಚಾಚಿದ.

ಮಾಯಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಬ್ಯಾಡಿ ಅಣ್ಣ."

"ಈಗ ಮುರೀತಿದ್ದಲ್ಲ?"

"ನೀವು ಕೊಟ್ರೆ ಬರಾಕಿಲ್ಲ. ಕದ್ರೇ ಬರಾದು." ಇನ್ನು ಮುಚ್ಚಿಡುವುದೇನು ಎಂದು ಅವಳು ಎಲ್ಲವನ್ನೂ ಹೇಳಿಬಿಟ್ಟಳು, ಎಮ್ಮೆ, ಕೋಳಿ, ಸಡ್ಡೆ, ಕುಳ್ಳಮ್ಮ. ರುದ್ರಸ್ವಾಮಿ ಕಡ್ಡಿಯನ್ನು ಹಿಡಿದುಕೊಂಡೇ ಕೇಳಿದ.

"ಈ ತೋಟದಲ್ಲಿರೋದನ್ನೆಲ್ಲ ಬೇರೆಯವರು ಕೊಟ್ಟ ಕಡ್ಡಿಯಿಂದಲೇ ನಾನು ಬೆಳೆಸಿರೋದು. ಬಂದಿಲ್ವಾ?"

"ನಿಮ್ದು ಸರ್ಕಾರದ ಕೈ. ಸರ್ಕಾರದ ಕೈಗೆ ಎಲ್ಲಾ ಬತ್ತದೆ. ನಮಗಂಗಲ್ಲ."

ರುದ್ರಸ್ವಾಮಿಗೆ ನಗು ತಡೆಯಲಿಲ್ಲ. "ಇವತ್ತು ಏನು ಗ್ರಹಚಾರವೋ. ಈಗ ತಾನೇ ಒಬ್ಬ ಅಜ್ಜಿ ಬಂದಿದ್ದಳು. ಬೆರಳೆಲ್ಲ ಕುಂಕುಮ. ಅವಳದ್ದೂ ಇದೇ ಮಾತು. ಕೊಡ್ತೀನಿ ಅಂದರೆ ನನ್ನನ್ನೇ ಬೈದಳು. 'ನಮ್ಮ ಸೊಸೆ ಕೈಲಿ ನೆಡಿಸ್ಬೇಕು, ಉಡುಗಾಟ ಆಡ್ಬೇಡ, ಅತ್ಲಾಗೆ ತಿರುಗು' ಅಂತ ಗದರಿದಳು. ನಾನು ತಿರುಗಿ ನಿಂತೆ. ಏನು ಮಾಡಲಿ?"

ಮಾಯಮ್ಮ ತನ್ನ ಬೆರಳು ನೋಡಿಕೊಂಡಳು. ಅದೂ ಕೆಂಪಾಗಿಯೇ ಇತ್ತು. ರುದ್ರಸ್ವಾಮಿಯೂ ಅದನ್ನು ನೋಡಿದ. ಕೈಯಲ್ಲಿದ್ದ ಕಡ್ಡಿಯನ್ನು ಪಾತಿಯ ಅಂಚಿಗೆ ಬೀಳಲು ಬಿಟ್ಟ. "ಬಿದ್ದದ್ದು ಬಿದ್ದಂಗಿರಲಿ. ನನಗೆ ಆ ಕಡೆ ಕೆಲಸ ಇದೆ," ಎಂದು ಬೆನ್ನು ತಿರುಗಿಸಿ, ಇಲ್ಲದ ಕಳೆಯನ್ನು ಕೀಳತೊಡಗಿದ.

ಮಾಯಮ್ಮ ಚಕ್ಕನೆ ಬಗ್ಗಿ ಕಡ್ಡಿ ಎತ್ತಿಕೊಂಡು ಮಡಿಲಿಗೆ ಸೇರಿಸಿದಳು. ಒಡೆಯ ನೋಡಲಿಲ್ಲ, ಕೊಡಲಿಲ್ಲ, ಅವಳು ಕೇಳಲಿಲ್ಲ. ಎಲ್ಲ ಕಟ್ಟಳೆಯಂತೆ ನಡೆದಿತ್ತು. ಇನ್ನು ಮಾತಾಡದೆ ಹೊರಟುಬಿಟ್ಟರೆ ಆಯಿತು.

ಆಗ ದೇವಯ್ಯ ಬಂದ. ಹೆಗಲ ಮೇಲೆ ಬೀರಿ, ಬೀರಿಯ ಲಂಗದಿಂದ ಕಾರಂಜಿಯ ನೀರು ತೊಟ್ಟಿಕ್ಕುತ್ತಿತ್ತು. ಹೆಂಡತಿಯ ಮಡಿಲಿನಿಂದ ಇಣುಕುತ್ತಿದ್ದ ಕಡ್ಡಿ, ಪಕ್ಕದಲ್ಲಿ ಕತ್ತರಿ ಹಿಡಿದ ಮಾಲಿ, ಎರಡನ್ನೂ ಅವನು ಕಂಡ. ದೇವಯ್ಯ ಹೊಟ್ಟೆಯಲ್ಲಿ ಕಪಟ ಇಲ್ಲದ ಮನುಷ್ಯ. ಯಾರಾದರೂ ಏನಾದರೂ ಕೊಟ್ಟರೆ ಬಾಯಿ ಮುಚ್ಚಿಕೊಂಡು ಹೋಗುವವನಲ್ಲ.

"ನಮ್ಮೋರಿಗೆ ಕಡ್ಡಿ ಕೊಟ್ರಾ ಸ್ವಾಮಿ? ದೊಡ್ಡ ಉಪಕಾರ ಆಯ್ತು."

"ನಾನು ಏನೂ ಕೊಟ್ಟಿಲ್ಲಪ್ಪ," ಎಂದ ರುದ್ರಸ್ವಾಮಿ, ತಿರುಗದೆ.

"ಅಂಗಂದ್ರೆ ಎಂಗೆ? ಅದೇನು, ಕಾಣಕಿಲ್ವಾ ನಂಗೆ?"

"ನಾನು ಏನೂ ನೋಡಿಲ್ಲ. ನೀವು ಹೋಗಿ."

ಇಂಥ ದೊಡ್ಡ ಮನಸ್ಸಿನವನನ್ನು ದೇವಯ್ಯ ಹಿಂದೆ ಕಂಡಿರಲಿಲ್ಲ. ಮಾಯಮ್ಮ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಹೆಗಲ ಮೇಲಿನ ಮಗಳು ಜಗ್ಗುತ್ತಿದ್ದಾಳೆ ಎಂದುಕೊಂಡು ಅವನು, "ತಡಿ ಬೀರಿ," ಎಂದ. ಸೊಂಟದ ಚೀಲ ಬಿಚ್ಚಿ, ಎಲೆ ಅಡಿಕೆ ತೆಗೆದು, ರುದ್ರಸ್ವಾಮಿಯ ಮುಂದೆ ಹೋಗಿ ನಿಂತು ಎರಡೂ ಕೈಯಿಂದ ನೀಡಿದ. ಚಾಚಿದ ಎಲೆ ಅಡಿಕೆಯನ್ನು ಬೇಡ ಅನ್ನುವವನು ಮೈಸೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ರುದ್ರಸ್ವಾಮಿಯ ಕೈ ತಾನಾಗಿಯೇ ಮುಂದೆ ಬಂತು. ತೆಗೆದುಕೊಂಡ ಮೇಲೆ ಅವನು ಮಾಯಮ್ಮನ ಕಡೆ ನೋಡಿ, ಏನು ಮಾಡಲಿ ಎನ್ನುವಂತೆ ತಲೆ ಆಡಿಸಿದ.

ಎಲೆ ಅಡಿಕೆ ಕೊಟ್ಟರೆ ಹೆಣ್ಣನ್ನೇ ಕೊಟ್ಟಂತೆ ಆಗುತ್ತದೆ. ಇನ್ನು ಕಡ್ಡಿ ಯಾವ ಲೆಕ್ಕ? ಕದ್ದದ್ದು ಅಲ್ಲೇ ನಿಂತ ನಿಲುವಿನಲ್ಲಿ ಕೊಟ್ಟದ್ದಾಗಿಬಿಟ್ಟಿತು. ಇನ್ನೊಂದು ಮುರಿಯೋಣವೆಂದರೆ ಜಟಕಾದವನು ಬಾಗಿಲಲ್ಲಿ ಕೂಗು ಹಾಕುತ್ತಿದ್ದ, ಮೋಟಾರಿನ ಹೊತ್ತಾಗಿತ್ತು.

"ಯಾಕಮ್ಮಿ, ಮಕ ಇಂಗೆ ಮಾಡಿದ್ದೀಯ?" ಎಂದ ದೇವಯ್ಯ.

"ಏನಿಲ್ಲ. ನಿಮ್ಮ ಒಳ್ಳೇತನ ನೋಡಿ ಒಟ್ಟೆ ತುಂಬೋಯ್ತು," ಎಂದಳು ಮಾಯಮ್ಮ.

ವಾಪಸು ಬರುವಾಗ ಮೋಟಾರಿನಲ್ಲಿ ಮೆಣಸಿನ ಮೂಟೆ ಇರಲಿಲ್ಲ. ಅತ್ತೆ ಸೊಸೆ ಎದುರು ಬದುರು ಕೂತರು. ಹಳ್ಳ ಸಿಕ್ಕಿದಾಗಲೆಲ್ಲ ಚಿಕ್ಕಸಿದ್ದಮ್ಮ ಮುಖ ಕಿವುಚಿ, ಮಡಿಲನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ಹಾಗೆ ಯಾಕೆ ಎಂದು ಗೊತ್ತಿದ್ದ ಮಾಯಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಬೀರಿ ನಿದ್ದೆಗಣ್ಣಲ್ಲಿ ಅಜ್ಜಿಯ ತೊಡೆಗೆ ಬಿದ್ದವಳು ಕಿರುಚಿಕೊಂಡು ಎದ್ದಳು.

"ಅಜ್ಜಿ ಮಡ್ಲು ಚುಚ್ತದೆ."

"ಸುಮ್ಕಿರು. ಹೊಸಾ ಸೀರೆ."

"ಸೀರೇಗೆ ಎಲೆ ಅದೆ."

"ಇರ್ತದೆ. ಮೈಸೂರಿಗೆ ಓದ್ರೆ ಎಲ್ಲಾ ಇರ್ತದೆ," ಎಂದು ಅಜ್ಜಿ ಅವಳನ್ನು ಎತ್ತಿ ತಾತನ ತೊಡೆಗೆ ದಾಟಿಸಿದಳು. ನಿಂಗಯ್ಯ ಆಗ ಎದುರಿಗೆ ಕೂತ ಅಪರಿಚಿತನಿಗೆ, ಬೆಟ್ಟದ ಮೇಲಿಂದ ತಮ್ಮ ಜಗಲಿ ಹೇಗೆ ಕಾಣಿಸಿತು ಎಂದು ವಿವರಿಸುತ್ತಿದ್ದ.

ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಮಾಯಮ್ಮ ಹಿತ್ತಲಿಗೆ ಹೋಗಿ, ಮಡಿಲಿನ ಕಡ್ಡಿಯನ್ನು ತೆಗೆದು ಬಚ್ಚಲ ಕಲ್ಲಿನ ಮೇಲಿಟ್ಟು ಕೂತಳು. ನೆಡುವ ಮನಸ್ಸೂ ಬರಲಿಲ್ಲ, ಬಿಸಾಡುವ ಮನಸ್ಸೂ ಬರಲಿಲ್ಲ. ಹಿಂದೆಯೇ ಚಿಕ್ಕಸಿದ್ದಮ್ಮ ಬಂದಳು. ಕಲ್ಲಿನ ಮೇಲಿದ್ದ ಕಡ್ಡಿ ನೋಡಿ ನಿಂತಳು.

"ಇದೆಲ್ಲಿಂದು?"

"ತೋಟದ್ದು ಅತ್ತೆ. ಕದ್ದಿದ್ದೆ. ನಿಮ್ಮ ಮಗ ಮಾಲಿಗೆ ಎಲೆ ಅಡಿಕೆ ಕೊಟ್ಬುಟ್ರು."

"ನನ್ನ ಮಗನೇ," ಎಂದು ಚಿಕ್ಕಸಿದ್ದಮ್ಮ ಹಣೆ ಬಡಿದುಕೊಂಡಳು. ಮಡಿಲು ಬಿಚ್ಚಿ ತನ್ನ ಕಡ್ಡಿಯನ್ನು ಹೊರಗೆ ತೆಗೆದಳು. ಇಡೀ ದಾರಿ ಮಡಿಲಲ್ಲೇ ಇದ್ದರೂ ಎಲೆ ಬಾಡಿರಲಿಲ್ಲ. ಅದನ್ನು ಸೊಸೆಯ ಕೈಗೆ ಕೊಡಲು ಚಾಚಿದವಳು ಅರ್ಧಕ್ಕೇ ಕೈ ಹಿಂದಕ್ಕೆ ಎಳೆದುಕೊಂಡಳು. ಕೊಟ್ಟರೆ ಅದೂ ಕೊಟ್ಟದ್ದೇ ಆಗುತ್ತದಲ್ಲ. ಇಷ್ಟು ದೂರ ಮುಳ್ಳು ಚುಚ್ಚಿಸಿಕೊಂಡು ತಂದವಳಿಗೆ ಇದು ಮೊದಲೇ ಹೊಳೆದಿರಲಿಲ್ಲ.

ಅವಳು ಕಡ್ಡಿಯನ್ನು ಬೇಲಿಯ ಹತ್ತಿರ ನೆಲಕ್ಕಿಟ್ಟಳು. ಆಮೇಲೆ ಸೊಸೆಯ ಮುಖ ನೋಡದೆ, ಎಮ್ಮೆಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಇದು ನನ್ನ ಕಡ್ಡಿ. ಯಾರೂ ಮುಟ್ಕೂಡದು. ಕೇಳಿದ್ರೂ ಕೊಡಕಿಲ್ಲ. ನಾನು ಆಲು ಕರಿಯಕ್ಕೆ ಓಯ್ತೀನಿ. ಆಲು ಕರಿಯುವಾಗ ನಂಗೆ ಹಿಂದುಕ್ಕೆ ಕಾಣಕಿಲ್ಲ."

ಚೊಂಬು ತೆಗೆದುಕೊಂಡು ಎಮ್ಮೆಯ ಕೆಳಗೆ ಕೂತು ಬೆನ್ನು ತಿರುಗಿಸಿದಳು. ಹಾಲು ಚೊಂಬಿಗೆ ಬೀಳುವ ಸದ್ದು ಶುರುವಾಯಿತು. ಮಾಯಮ್ಮ ಮೆಲ್ಲಗೆ ಎದ್ದು, ತುದಿಗಾಲಲ್ಲಿ ಹೋಗಿ, ಅತ್ತೆಯ ಕಡ್ಡಿಯನ್ನು ಕದ್ದಳು. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ ನೆಟ್ಟು, ತುದಿಗೆ ಸ್ವಲ್ಪ ಸಗಣಿ ಮೆತ್ತಿದಳು. ಪಾಪ, ತಂದದ್ದಲ್ಲವೇ ಎಂದು ಮಾಲಿಯ ಕಡ್ಡಿಯನ್ನೂ ಪಕ್ಕದಲ್ಲಿ ಊರಿದಳು. ಎಮ್ಮೆ, ಕೋಳಿ ಎರಡರಿಂದಲೂ ಕಾಪಾಡಲು ಸುತ್ತ ಕಾರೆ ಮುಳ್ಳು ಕಟ್ಟಿದಳು.

ಮುಳ್ಳು ಬೀರಿಯನ್ನು ತಡೆಯಲಿಲ್ಲ. ಗುಲಾಬಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ನೋಡಲು ಅವಳು ಒಂದು ದಿನ ಎರಡು ಕಡ್ಡಿಗಳನ್ನೂ ಕಿತ್ತು, ನೋಡಿ, ಮತ್ತೆ ಊರಿಟ್ಟಳು. ಮಾಯಮ್ಮ ಕಂಡು ಕೋಲು ಹಿಡಿಯುವ ಹೊತ್ತಿಗೆ ಯಾವುದು ಎಲ್ಲಿತ್ತು ಎಂದು ಬೀರಿಗೇ ಗೊತ್ತಿರಲಿಲ್ಲ. ಅವುಗಳಲ್ಲಿ ಒಂದು ಒಣಗಿತು, ಇನ್ನೊಂದು ಚಿಗುರಿತು. ಚಿಗುರಿದ್ದು ಕದ್ದದ್ದೋ ಕೊಟ್ಟದ್ದೋ ಎಂದು ಯಾರೂ ಹೇಳುವಂತಿರಲಿಲ್ಲ. ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ.

ಮುಂಗಾರಿನ ಮೊದಲ ಹನಿಗಳಿಗೆ ಗಿಡ ಎದ್ದು ನಿಂತು, ಕವಲೊಡೆದು, ಒಂದು ಮೊಗ್ಗು ಬಿಟ್ಟಿತು. ಕುಳ್ಳಮ್ಮ ಬೇಲಿ ದಾಟಿ ಬಂದು ಸುತ್ತಲೂ ನೋಡಿದಳು.

"ಅದೇನು ಮಹಾ ಬುಡಕ್ಕ. ಸರ್ಕಾರದ ಗಿಡ, ಕಲ್ಲಿನ ಮ್ಯಾಲಿಟ್ರೂ ಬತ್ತದೆ. ಒಂದು ಗಿಡಕ್ಕೆ ಕೈಗುಣ ಬಂದ್ಬುಡ್ತದಾ?"

ಚಿಕ್ಕಸಿದ್ದಮ್ಮನಿಗೂ ಅದೇ ಅನುಮಾನ ಒಳಗೊಳಗೇ ಇತ್ತು. ಒಂದು ಗುಲಾಬಿಯನ್ನು ನಂಬಿ ಇಡೀ ಹೊಲದ ಅವರೆಯನ್ನು ಒಪ್ಪಿಸುವುದು ಹೇಗೆ? ಆರಿದ್ರೆ ಮಳೆ ಹದವಾಗಿ ಬಂದು, ನಾಳೆ ಕೂರಿಗೆ ಕಟ್ಟುವುದು ಎಂದು ನಿಂಗಯ್ಯ ಹೇಳಿದ ಮೇಲೂ ಅವಳು ಸಡ್ಡೆಯ ಮಾತೆತ್ತಲಿಲ್ಲ. ಕುಳ್ಳಮ್ಮ ಮಾತ್ರ ಬೆಳಿಗ್ಗೆಯೇ ಬರುತ್ತೇನೆ ಎಂದು ತಾನಾಗಿ ಹೇಳಿ ಹೋಗಿದ್ದಳು. ಮಾಯಮ್ಮ ಆ ಸಂಜೆ ಬಾಡಿದ ಎಲೆಯ ಜತೆಗೆ ಒಳ್ಳೆಯ ಎಲೆಯನ್ನೂ ಕಿತ್ತೆಸೆಯುತ್ತಾ ಸೊಪ್ಪು ಸೋಸಿದಳು.

ಬೆಳಿಗ್ಗೆ ಮೊದಲು ಹಿತ್ತಲಿಗೆ ಹೋದವಳು ಬೀರಿ. ಓಡಿ ಬಂದಳು.

"ಅವ್ವ, ನಮ್ಮ ಗುಲಾಬಿ ಒಂದು ಕೈ ಇಲ್ಲ."

ಅತ್ತೆ ಸೊಸೆ ಇಬ್ಬರೂ ಹೋಗಿ ನೋಡಿದರು. ಒಳ್ಳೆಯ ಕವಲೊಂದನ್ನು ಯಾರೋ ಬುಡದಿಂದ ಮುರಿದಿದ್ದರು, ಗಾಯ ಇನ್ನೂ ಹಸಿಯಾಗಿತ್ತು. ಮಾಯಮ್ಮನ ಕಣ್ಣು ತುಂಬಿತು. ಅಷ್ಟರಲ್ಲಿ ಬೀರಿ ಬೇಲಿಯ ಸಂದಿಗೆ ಕಣ್ಣಿಟ್ಟು, "ಕುಳ್ಳಜ್ಜಿ ಇತ್ಲಲ್ಲೂ ಕಡ್ಡಿ ನೆಟ್ಟವ್ರೆ. ತುದಿಗೆ ಸಗಣಿ ಅದೆ," ಎಂದಳು.

"ನೋಡಿ ಅತ್ತೆ," ಎಂದು ಮಾಯಮ್ಮ ಬೇಲಿಯ ಕಡೆ ನುಗ್ಗಿದಳು.

ಚಿಕ್ಕಸಿದ್ದಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. ಅವಳ ಮುಖದಲ್ಲಿ ನಗು ನಿಧಾನವಾಗಿ ಹರಡುತ್ತಿತ್ತು. "ಸುಮ್ಕಿರಮ್ಮಿ. ಕೈಗುಣ ಇಲ್ದೋಳ ಇತ್ಲಿಂದ ಯಾರಾರ ಕಡ್ಡಿ ಕದ್ದಾರಾ?"

ಆ ಹೊತ್ತಿಗೆ ಕುಳ್ಳಮ್ಮ ಸೀರೆ ಮೇಲಕ್ಕೆ ಕಟ್ಟಿಕೊಂಡು, ಸಡ್ಡೆ ಹಿಡಿಯಲು ಸಿದ್ಧಳಾಗಿ ಜಗಲಿಗೆ ಬಂದು ನಿಂತಿದ್ದಳು. ಕೂರಿಗೆ, ಹಗ್ಗ, ಅವರೆಕಾಳಿನ ಮೊರ ಎಲ್ಲವೂ ಅಲ್ಲೇ ಇದ್ದವು.

"ಕೊಡಕ್ಕ ಇತ್ಲಾಗೆ, ಹೊತ್ತಾಯ್ತು," ಎಂದು ಕೈ ಚಾಚಿದಳು.

ಚಿಕ್ಕಸಿದ್ದಮ್ಮ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. "ಅಯ್ಯೋ, ಬ್ಯಾಡ ಕಣ ಕುಳ್ಳಿ. ಬೆರಳಿಗೆ ಮುಳ್ಳು ಚುಚ್ಚಿಕೊಂಡದೆ. ಈ ಕೈಲಿ ಸಡ್ಡೆ ಇಡಿಬೇಡ, ಕೀವಾಗ್ತದೆ."

ಕುಳ್ಳಮ್ಮ ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದಳು. ಮುಳ್ಳು ಎಲ್ಲಿಯದು ಎಂದು ಅವಳಾಗಲಿ ಚಿಕ್ಕಸಿದ್ದಮ್ಮನಾಗಲಿ ಹೇಳಲಿಲ್ಲ. ಚಿಕ್ಕಸಿದ್ದಮ್ಮ ಬಿದಿರಿನ ಸಡ್ಡೆಯನ್ನು ಎತ್ತಿ, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಸೊಸೆಯ ಕೈಗೆ ಕೊಟ್ಟಳು. ಕೊಡುವಾಗ ಬೆನ್ನು ತಿರುಗಿಸಲಿಲ್ಲ.

ಹೊಲದಲ್ಲಿ ದೇವಯ್ಯ ಕೂರಿಗೆ ಹಿಡಿದ, ನಿಂಗಯ್ಯ ಎತ್ತು ಹೊಡೆದ. ಹರಕೆ ತೀರಿಸಿಕೊಂಡ ಬಲಗಡೆಯ ಎತ್ತು, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಬಾಲ ಬೀಸುತ್ತಾ ನಡೆಯಿತು. ಮಾಯಮ್ಮ ಮಡಿಲಿನಿಂದ ಕಾಳು ತೆಗೆದು ಸಡ್ಡೆಯ ಬಾಯಿಗೆ ಬಿಟ್ಟಳು. ಕಾಳು ಕೊಳವೆಯೊಳಗೆ ಉರುಳಿ ಮಣ್ಣಿಗೆ ಬೀಳುವ ಸಣ್ಣ ಸದ್ದು ಅವಳಿಗೆ ಕೇಳಿಸಿತು. ಖುಷಿಗೆ ಅವಳ ಬೆರಳು ಹಿಡಿತ ತಪ್ಪಿ ಇನ್ನೊಂದಷ್ಟು ಕಾಳು ಒಟ್ಟಿಗೇ ಜಾರಿದವು.

"ಒಂದೊಂದೇ ಬುಡಮ್ಮಿ," ಎಂದು ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ಕೂತಿದ್ದ ಅತ್ತೆ ಕೂಗಿದಳು. "ಅದು ಸರ್ಕಾರದ ಕಾಳಲ್ಲ."